ಸಾಸರಿಗೇಕೆ ಅನುಭವ

ಜಯಶೀಲಳ ಮಗನ ಮದುವೆಗೆ ಹೋಗಲೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ಮದುವೆಯ ಮೇಲೆ ನನಗೇನೂ ಸಿಟ್ಟಿಲ್ಲ, ಜಯಶೀಲಳ ಮೇಲಂತೂ ಇಲ್ಲವೇ ಇಲ್ಲ. ಅವಳೂ ನಾನೂ ಹನ್ನೊಂದು ವರ್ಷ ಒಂದೇ ಬೆಂಚಿನಲ್ಲಿ ಕೂತು ಪಿಂಗಾಣಿ ಕಪ್ಪುಗಳಿಗೆ ಗುಲಾಬಿ ಹೂವಿನ ಚಿತ್ರ ಅಂಟಿಸಿದವರು. ನನಗೆ ಆಗದಿದ್ದದ್ದು ಆ ಕಲ್ಯಾಣ ಮಂಟಪ. ಅದನ್ನು ಕಟ್ಟಿರುವುದು ನಮ್ಮ ಫ್ಯಾಕ್ಟರಿ ಇದ್ದ ಜಾಗದಲ್ಲಿ. ಹತ್ತು ವರ್ಷದಿಂದ ನಾನು ನಂಜನಗೂಡಿಗೆ ಹೋಗುವ ಬಸ್ಸಿನಲ್ಲಿ ಕೂತರೂ ಆ ತಿರುವು ಬಂದಾಗ ಮುಖ ಇನ್ನೊಂದು ಕಡೆ ತಿರುಗಿಸಿಕೊಳ್ಳುತ್ತೇನೆ.

ಕೊನೆಗೆ ಹೋದೆ. ಹೋಗದಿದ್ದರೆ ಜಯಶೀಲ ಬಿಡುವವಳಲ್ಲ. ಮುಹೂರ್ತ ಮುಗಿದ ಮೇಲೆ ಕೈಕಾಲು ತೊಳೆಯಲು ಹಿಂದುಗಡೆ ಹೋದೆ ನೋಡಿ, ಅಲ್ಲಿ ಅಡುಗೆಯವರು ತಿಂಡಿಯ ಒಲೆ ಆರಿಸುತ್ತಿದ್ದರು. ಇಟ್ಟಿಗೆ ಜೋಡಿಸಿ ಹೂಡಿದ ಸೌದೆ ಒಲೆ. ಒಬ್ಬ ಬಕೆಟ್ಟಿನಿಂದ ನೀರು ಸುರಿದ. ಕಾದ ಇಟ್ಟಿಗೆಗೆ ತಣ್ಣೀರು ಬಿದ್ದ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟೆ. ಯಾರೋ ಹುಡುಗಿ ಓಡಿ ಬಂದು, "ಏನಾಯ್ತು ಆಂಟಿ, ಬಿಪಿನಾ?" ಅಂದಳು. ಹೂಂ ಕಣಮ್ಮ, ಬಿಪಿ ಅಂದೆ. ಇನ್ನೇನು ಹೇಳಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷದ ಮಾತು. ನಮ್ಮದು ಕಪ್ಪು, ಸಾಸರು, ತಟ್ಟೆ, ಹೂಜಿ ಮಾಡುವ ಪಿಂಗಾಣಿ ಕಾರ್ಖಾನೆ. ಮುನ್ನೂರು ಚಿಲ್ಲರೆ ಜನ, ಅದರಲ್ಲಿ ನೂರಿಪ್ಪತ್ತು ಹೆಂಗಸರು. ಆ ಮುನ್ನೂರು ಜನರ ಅನ್ನ ಬೇಯುತ್ತಿದ್ದದ್ದು ಒಂದೇ ಬೆಂಕಿಯಲ್ಲಿ. ಅದು ನಮ್ಮ ಭಟ್ಟಿ. ಭಟ್ಟಿ ಅಂದರೆ ಹೊಲದಲ್ಲಿ ಇಟ್ಟಿಗೆ ಸುಡುವ ಗೂಡಿನಂಥದ್ದಲ್ಲ. ಮೂವತ್ತು ಮಾರು ಉದ್ದದ ಸುರಂಗ. ನಡುವೆ ಎಣ್ಣೆಯ ಉರಿ, ಮೇಲೆ ಬೆಂಕಿ ಇಟ್ಟಿಗೆಯ ಕಮಾನು. ಈ ಬಾಗಿಲಲ್ಲಿ ಹಸಿ ಪಾತ್ರೆ ತುಂಬಿದ ಟ್ರಾಲಿ ಹಳಿಯ ಮೇಲೆ ಒಳಗೆ ಹೋದರೆ ಮಾರನೆಯ ದಿನ ಆ ಬಾಗಿಲಲ್ಲಿ ಬೆಳ್ಳಗೆ ಹೊರಗೆ ಬರುತ್ತಿತ್ತು. ಆ ಬೆಂಕಿ ಆರುವಂತಿರಲಿಲ್ಲ. ರಿಪೇರಿಗೆ ಅಂತ ಎಂದೋ ಎರಡು ಸಲ ಆರಿಸಿದ್ದರಂತೆ. ಆಗಲೂ ದಿನಕ್ಕೆ ಇಷ್ಟೇ ಅಂತ ಉರಿ ಇಳಿಸುತ್ತ ಹನ್ನೆರಡು ದಿನ ತೆಗೆದುಕೊಂಡಿದ್ದರಂತೆ. ಆಯುಧಪೂಜೆಯ ದಿನ ಮಿಕ್ಕ ಎಲ್ಲ ಯಂತ್ರ ನಿಲ್ಲಿಸಿ ಕುಂಕುಮ ಹಚ್ಚುತ್ತಿದ್ದೆವು. ಭಟ್ಟಿಗೆ ಮಾತ್ರ ಉರಿಯುತ್ತಿರುವಾಗಲೇ ಪೂಜೆ.

ನಮ್ಮಪ್ಪ ಆ ಭಟ್ಟಿಯಲ್ಲೇ ಕೆಲಸ ಮಾಡಿದವರು. ನನಗೆ ಹದಿನೆಂಟು ತುಂಬಿದ ವರ್ಷ ತೀರಿಕೊಂಡರು. ಹನ್ನೊಂದರ ತಿಥಿ ಮುಗಿದ ಮಾರನೆಯ ದಿನ ನಮ್ಮ ಮನೆಗೆ ಬಂದು, "ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ತಕ್ಕೊಂಡು ನಡಿ ಮಗ," ಅಂತ ಕರೆದುಕೊಂಡು ಹೋಗಿ ಮ್ಯಾನೇಜರ್ ಮುಂದೆ ನಿಲ್ಲಿಸಿದವರು ಪುಟ್ಟಮಾದಯ್ಯ. ನಮಗೆಲ್ಲ ಮಾದಣ್ಣ. ಭಟ್ಟಿಯ ಮೇಸ್ತ್ರಿ. ಮೂವತ್ತು ವರ್ಷ ಉರಿಯ ಕಂಡಿಯೊಳಗೆ ಇಣುಕಿ ಇಣುಕಿ ಹುಬ್ಬಿನ ಕೂದಲೇ ಉಳಿದಿರಲಿಲ್ಲ. ಯಾರು ಕಾಫಿ ಕೊಟ್ಟರೂ ಕುಡಿಯುವುದಕ್ಕೆ ಮುಂಚೆ ಕಪ್ಪನ್ನು ಉಗುರಿನಿಂದ ಒಂದು ಸಲ ತಟ್ಟುವುದು ಅವರ ಅಭ್ಯಾಸ. ಟಣ್ ಅಂದರೆ ಸರಿ. ಮಂಕಾಗಿ ಶಬ್ದ ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಅಂತ. ಅವರನ್ನು ನೋಡಿ ನಾನೂ ಕಲಿತೆ. ಇವತ್ತಿಗೂ ಹೋಟೆಲಿನಲ್ಲಿ ಕಪ್ಪು ತಟ್ಟಿ ಮಾಣಿಯ ಕೈಲಿ ಬೈಸಿಕೊಳ್ಳುತ್ತೇನೆ.

ನಮ್ಮ ಸಂಘದಲ್ಲಿ ಒಂದು ಪದ್ಧತಿ ಇತ್ತು. ಅಧ್ಯಕ್ಷರಿಗೆ ಬೇರೆ ಓಟು, ಉಪಾಧ್ಯಕ್ಷರಿಗೆ ಬೇರೆ ಓಟು ಇರಲಿಲ್ಲ. ಇಬ್ಬರೂ ಜೋಡಿಯಾಗಿ ನಿಲ್ಲಬೇಕು, ಜೋಡಿಗೆ ಒಂದೇ ಓಟು. ಹಿಂದೆ ಯಾವುದೋ ಕಾಲದಲ್ಲಿ ಅಧ್ಯಕ್ಷ ಒಂದು ಗುಂಪಿನವನು, ಉಪಾಧ್ಯಕ್ಷ ಇನ್ನೊಂದು ಗುಂಪಿನವನು ಗೆದ್ದು ಮೂರು ವರ್ಷ ಬರೀ ಕಿತ್ತಾಡಿದ್ದರಂತೆ. ಅದಕ್ಕೆ ಈ ಏರ್ಪಾಡು. ನಾವು ಅಧ್ಯಕ್ಷರನ್ನು ಕಪ್ಪು ಅಂತಲೂ ಉಪಾಧ್ಯಕ್ಷರನ್ನು ಸಾಸರು ಅಂತಲೂ ಕರೆಯುತ್ತಿದ್ದೆವು. "ಈ ಸಲ ಸಾಸರು ಯಾರು?" ಅಂತಲೇ ಜನ ಕೇಳುತ್ತಿದ್ದದ್ದು.

ಆ ವರ್ಷ ಯುಗಾದಿ ಕಳೆದ ಮೇಲೆ ಚುನಾವಣೆ ಬಂತು. ಹದಿನೈದು ವರ್ಷದಿಂದ ಕೂತಿದ್ದ ಹಳೇ ಜೋಡಿಯ ವಿರುದ್ಧ ಅಚ್ಚು ವಿಭಾಗದ ಲಿಂಗರಾಜಣ್ಣ ನಿಲ್ಲುವುದು ಖಾತ್ರಿಯಾಗಿತ್ತು. ಕೃಷ್ಣಮೂರ್ತಿಪುರಂನವರು, ಅವರ ಮನೆಯವರೆಲ್ಲ ಮಠಕ್ಕೆ ನಡೆದುಕೊಳ್ಳುವ ಜನ, ಹಣೆಯ ಮೇಲೆ ವಿಭೂತಿ ಇಲ್ಲದೆ ಈಚೆಗೆ ಬಂದವರಲ್ಲ. ಮೈಕಿಲ್ಲದೆ ಮುನ್ನೂರು ಜನಕ್ಕೆ ಕೇಳುವ ಗಂಟಲು. ಅವರ ಜೋಡಿ ಯಾರು ಅನ್ನುವುದೊಂದೇ ಬಾಕಿ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಹಿಂದಿನ ಹೊಂಗೆ ಮರದ ಕೆಳಗೆ ಅದರ ಚರ್ಚೆ ನಡೆಯಿತು. ಎರಡೇ ಹೆಸರು: ಮಾದಣ್ಣ, ಇಲ್ಲವೇ ನಾನು.

ಪ್ಯಾಕಿಂಗಿನ ಸಿದ್ದಯ್ಯನವರು ಶುರು ಮಾಡಿದರು. "ಅನುಭವಸ್ಥರು ಬೇಕು ಕಣ್ರೀ. ಮಾದಣ್ಣ ಮೂರು ಸ್ಟ್ರೈಕ್ ನೋಡಿದೋರು, ಮೂರರಲ್ಲೂ ಒಳಗೆ ಹೋಗಿ ಮಾತಾಡಿ ಬಂದೋರು. ನಾಳೆ ಲಿಂಗರಾಜು ಇಲ್ಲದೆ ಹೋದ್ರೆ ಯಾರು ನಡೆಸ್ತಾರೆ ಹೇಳಿ?"

"ಅಯ್ಯೋ, ನಾನೆಲ್ಲಿ ಹೋಗ್ತೀನಿ ಸಿದ್ದಯ್ಯನೋರೆ? ಈಗಲೇ ಸಾಯಿಸಿಬಿಟ್ರಲ್ಲ!" ಅಂತ ಲಿಂಗರಾಜಣ್ಣ ನಕ್ಕರು. ಎಲ್ಲರೂ ನಕ್ಕರು. ಮೂವತ್ತೆಂಟು ವರ್ಷದ ಗಟ್ಟಿ ಆಳು. ಅವರಿಗೆ ಏನಾದರೂ ಆದೀತು ಅನ್ನುವುದೇ ತಮಾಷೆ.

ಜಯಶೀಲ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನೂರಿಪ್ಪತ್ತು ಜನ ಹೆಂಗಸ್ರಿದ್ದೀವಿ. ಇಲ್ಲೀತನಕ ಒಂದು ಸಾಸರಾದ್ರೂ ಸೀರೆ ಉಟ್ಟಿತ್ತಾ? ನಮ್ಮ ರತ್ನ ಓದಿದಾಳೆ, ಬಾಯಿದೆ. ಇನ್ನೇನು ಬೇಕು? ಕಪ್ಪಿಗೆ ಅನುಭವ ಇದ್ರೆ ಸಾಕಪ್ಪ, ಸಾಸರಿಗ್ಯಾಕೆ?"

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಇದೆಯಲ್ಲ, ಅದು ನನ್ನ ತಲೆಗೇರಿತು. ಎದ್ದು ನಿಂತೆ. ಏನು ಮಾತಾಡಿದೆ ಅನ್ನುವುದು ಒಂದಕ್ಷರ ಬಿಡದೆ ನೆನಪಿದೆ, ಬೇಡ ಅಂದರೂ ನೆನಪಿದೆ. "ಅನುಭವ ಅನುಭವ ಅಂತೀರಲ್ಲ, ಹದಿನೈದು ವರ್ಷ ಅನುಭವ ಇದ್ದೋರನ್ನೇ ಕೂರಿಸಿದ್ರಿ. ಏನು ಕಡಿದು ಗುಡ್ಡೆ ಹಾಕಿದ್ರು? ಮಳೆ ಬಂದ್ರೆ ನಮ್ಮ ಶೆಡ್ಡು ಸೋರುತ್ತೆ. ಹೆಂಗಸ್ರಿಗೆ ಇಡೀ ಫ್ಯಾಕ್ಟರಿಗೆ ಎರಡು ಕಕ್ಕಸು. ಕೇಳಿದ್ರೆ, 'ತಾಳಮ್ಮ, ನಮಗೆ ಅನುಭವ ಇದೆ' ಅಂತಾರೆ. ಇವರ ಅನುಭವ ಅಂದ್ರೆ ಹೆದರಿಕೆ, ಇನ್ನೇನೂ ಅಲ್ಲ!"

ಸಿಳ್ಳೆ, ಗಲಾಟೆ. ಮಾದಣ್ಣ ಅಲ್ಲೇ ಮರದ ಬುಡದಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ನಾನು ಅವರನ್ನು ಅಂದದ್ದಲ್ಲ, ಹಳೇ ಜೋಡಿಯನ್ನು ಅಂದದ್ದು. ಆದರೆ ಆ ಗಲಾಟೆಯಲ್ಲಿ ಅದನ್ನು ಬಿಡಿಸಿ ಹೇಳಲಿಲ್ಲ. ಹೇಳಬಹುದಿತ್ತು. ಲಿಂಗರಾಜಣ್ಣ, "ನೀವೇನಂತೀರಿ ಮಾದಣ್ಣ?" ಅಂತ ಕೇಳಿದರು.

ಮಾದಣ್ಣ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡರು. "ಕಪ್ಪು ನೆಟ್ಟಗಿರೋಗಂಟ ಸಾಸರು ಎಂಗಿದ್ರೂ ನಡೀತದೆ. ಕಪ್ಪು ತುಳುಕ್ದಾಗ್ಲೇ ಅಲ್ವಾ ಅದಕ್ಕೆ ಕೆಲಸ? ನಂಗೇನೂ ಆ ಕುರ್ಚಿ ಬ್ಯಾಡ. ಯಾರ್ನ ಕೂರುಸ್ತೀರೋ ಅವರಿಗೆ ಭಟ್ಟಿ ಇಚಾರ ಗೊತ್ತಿರ್ಲಿ, ಅಷ್ಟೇಯ."

"ಭಟ್ಟಿ ನೋಡ್ಕೊಳ್ಳೋಕೆ ನೀವಿದ್ದೀರಲ್ಲ ಮಾದಣ್ಣ!" ಅಂದೆ ನಾನು. ಮತ್ತೆ ನಗು.

"ಇದೀನಿ ಬುಡವ್ವ," ಅಂದರು ಅವರು. ನಕ್ಕರು ಕೂಡ.

ನಾನೇ ಸಾಸರಾದೆ. ಲಿಂಗರಾಜಣ್ಣ ಆಮೇಲೊಂದು ದಿನ ನನ್ನ ಹತ್ತಿರ ನಿಜವಾದ ಕಾರಣ ಹೇಳಿದರು. "ಮಾದಣ್ಣ ಪಕ್ಕದಲ್ಲಿದ್ರೆ ಜನ ಅವರ ಮುಖ ನೋಡ್ತಾರಮ್ಮ, ನನ್ನ ಮುಖ ನೋಡಲ್ಲ." ಅದನ್ನು ಕೇಳಿ ನನಗೆ ಬೇಜಾರಾಗಬೇಕಿತ್ತು. ಬದಲಿಗೆ ಎಷ್ಟು ಮನಸ್ಸು ಬಿಚ್ಚಿ ಮಾತಾಡುತ್ತಾರಪ್ಪ ಅಂತ ಖುಷಿಪಟ್ಟೆ. ಮಾದಣ್ಣ ಮಾತ್ರ ಮಾರನೆಯ ದಿನ ನಮ್ಮ ಬೆಂಚಿಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು, "ಒಳ್ಳೇದಾಗ್ಲಿ ಮಗ. ಭಟ್ಟಿ ಮಾತು ಬಂದಾಗ ಮಾತ್ರ ನನ್ನ ಒಂದು ಮಾತು ಕೇಳು," ಅಂದು ಹೋದರು. ಆಯ್ತು ಅಂದಿದ್ದೆ.

ಗೆದ್ದೆವು. ಭರ್ಜರಿಯಾಗಿಯೇ ಗೆದ್ದೆವು. ಕೊರಳಿಗೆ ಹಾಕಿದ್ದ ಹಾರ ಇನ್ನೂ ಸಂಘದ ಆಫೀಸಿನ ಗೋಡೆಯಲ್ಲಿ ಒಣಗುತ್ತಿತ್ತು, ಆಗಲೇ ಕಂಪನಿಯವರು ನೋಟಿಸು ಅಂಟಿಸಿದರು. ಚಿತ್ರ ಅಂಟಿಸುವ ವಿಭಾಗ ಮುಚ್ಚುತ್ತೇವೆ, ಆ ಕೆಲಸ ಹೊರಗೆ ಗುತ್ತಿಗೆ ಕೊಡುತ್ತೇವೆ ಅಂತ. ಅಂದರೆ ನಾವು ನೂರಿಪ್ಪತ್ತು ಹೆಂಗಸರೂ ಮನೆಗೆ. ಆಷಾಢದ ಎರಡನೇ ವಾರ ಸ್ಟ್ರೈಕ್ ಕೂತೆವು.

ಸ್ಟ್ರೈಕಿಗೂ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಎಲ್ಲರೂ ಹೊರಗೆ ಕೂತರೂ ಭಟ್ಟಿಯ ಒಂಬತ್ತು ಜನ ಪಾಳಿಯ ಮೇಲೆ ಒಳಗೆ ಹೋಗಬೇಕು. ಟ್ರಾಲಿ ತಳ್ಳುವುದಿಲ್ಲ, ಮಾಲು ತೆಗೆಯುವುದಿಲ್ಲ. ಬರೀ ಉರಿ ಸಣ್ಣಗೆ ಕಾಯುವುದು. ಗುರುತಿಗೆ ತೋಳಿಗೊಂದು ಬಿಳೀ ಪಟ್ಟಿ. ಆ ಪಟ್ಟಿಯವರು ಬಂದರೆ ಗೇಟಿನಲ್ಲಿ ಕೂತವರು ಎದ್ದು ದಾರಿ ಬಿಡುತ್ತಿದ್ದರು. ಬೆಂಕಿ ಕಂಪನಿಯದಲ್ಲ, ನಮ್ಮದು. ಜಗಳ ಮುಗಿದ ಮೇಲೆ ವಾಪಸ್ ಹೋಗುವುದಕ್ಕೆ ಒಂದು ಜಾಗ ಇರಬೇಕು ಅನ್ನುವುದು ಹಳಬರ ಲೆಕ್ಕ. ಇದೆಲ್ಲ ನನಗೆ ಗೊತ್ತಿತ್ತು. ಕೇಳಿ ಗೊತ್ತಿತ್ತು, ಅಷ್ಟೆ.

ಎಂಟು ದಿನ ಲಿಂಗರಾಜಣ್ಣ ಗೇಟಿನ ಮುಂದೆ ಗುಡುಗಿದರು. ಒಂಬತ್ತನೇ ದಿನ ಬರಲಿಲ್ಲ. ಕಾಮಾಲೆ. ನೋಡಲು ಹೋದರೆ ಮನುಷ್ಯ ಚಾಪೆಯ ಮೇಲೆ ಅರಿಸಿನದ ಕೊನೆಯ ಹಾಗೆ ಬಿದ್ದಿದ್ದಾರೆ, ಕಣ್ಣು ತೆರೆದರೆ ಕಣ್ಣೂ ಹಳದಿ. ಅವರ ಹೆಂಡತಿ ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದರು. ಎದ್ದು ಕೂರುವುದಕ್ಕೂ ತ್ರಾಣವಿರಲಿಲ್ಲ. ಹೊಂಗೆ ಮರದ ಕೆಳಗೆ ಅಷ್ಟು ಜನ ನಕ್ಕಿದ್ದೆವಲ್ಲ, ಆ ನಗು ನೆನಪಾಯಿತು.

ಅವರಿಲ್ಲದ ಮೊದಲ ವಾರ ಹೇಗೋ ದೂಡಿದೆ. ಜಿಟಿಜಿಟಿ ಮಳೆ. ಗೇಟಿನ ಮುಂದೆ ಟಾರ್ಪಾಲು ಕಟ್ಟಿದ್ದೆವು, ಅದೂ ಸೋರುತ್ತಿತ್ತು. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಿ ಬಂದವರು ಪ್ರಸಾದ ತಂದುಕೊಟ್ಟು ಹೋಗುತ್ತಿದ್ದರು. ಮಕ್ಕಳ ಸ್ಕೂಲು ಶುರುವಾಗಿ ಮನೆಮನೆಯಲ್ಲೂ ಕಷ್ಟ. ಅಷ್ಟರಲ್ಲಿ ಇನ್ನೊಂದು ಕಾಟ ಹಿಡಿಯಿತು. ಹೊಗೆ. ನಮ್ಮ ಭಟ್ಟಿಯ ಚಿಮಣಿಯಿಂದ ಸಣ್ಣಗೆ ಹೊಗೆ ಬರುತ್ತಲೇ ಇತ್ತಲ್ಲ, ರಸ್ತೆಯಲ್ಲಿ ಹೋಗುವವರೆಲ್ಲ ಅದನ್ನು ನೋಡಿ ಆಡಿಕೊಳ್ಳತೊಡಗಿದರು. ಬಸ್ಸಿನ ಕಿಟಕಿಯಿಂದ ಒಬ್ಬ ಕೂಗಿದ: "ಫ್ಯಾಕ್ಟರಿ ಓಡ್ತಾ ಐತೆ, ಇದ್ಯಾವ ಸ್ಟ್ರೈಕಮ್ಮೋ!" ಆಮೇಲೆ ನಮ್ಮವರೇ ಗೊಣಗಲು ಶುರುಮಾಡಿದರು. ನಾವಿಲ್ಲಿ ನೆನೆದು ತೊಪ್ಪೆಯಾಗಿದ್ದೇವೆ, ಆ ಒಂಬತ್ತು ಜನ ಒಳಗೆ ಬೆಚ್ಚಗೆ ಕೂತಿದ್ದಾರೆ. ಹೊಗೆ ನಿಂತರೆ ಕಂಪನಿಯವರು ಓಡಿ ಬಂದು ಕಾಲು ಹಿಡಿಯುತ್ತಾರೆ. ಲಿಂಗರಾಜು ಇದ್ದಿದ್ದರೆ ಇಷ್ಟು ಹೊತ್ತಿಗೆ ನಿಲ್ಲಿಸುತ್ತಿದ್ದ, ಈ ಅಮ್ಮನಿಗೆ ಧೈರ್ಯ ಇಲ್ಲ.

ಧೈರ್ಯ ಇಲ್ಲ ಅಂದದ್ದು ನನಗೆ ಚುಚ್ಚಿತು. ಅನುಭವ ಅಂದರೆ ಹೆದರಿಕೆ ಅಂತ ಅಷ್ಟು ಜನರ ಮುಂದೆ ಹೇಳಿದವಳು ನಾನು. ಈಗ ಅನುಭವವೂ ಇಲ್ಲದೆ ಹೆದರಿದವಳು ಅನ್ನಿಸಿಕೊಳ್ಳಬೇಕಾ? ಮತ್ತೆ ಕೃಷ್ಣಮೂರ್ತಿಪುರಂಗೆ ಹೋಗಿ ಲಿಂಗರಾಜಣ್ಣನನ್ನು ಕೇಳಿದೆ. ಅವರು ಗೋಡೆಯ ಕಡೆ ತಿರುಗಿಕೊಂಡೇ, "ನಿನಗೆ ತಿಳಿದ ಹಾಗೆ ಮಾಡು ತಾಯಿ. ಜನ ಏನಂತಾರೋ ಹಾಗೆ ಮಾಡು," ಅಂದರು. ಬರುವಾಗ ದಾರಿಯಲ್ಲೇ ಮಾದಣ್ಣನ ಮನೆ. ಅಶೋಕಪುರಂನ ಆ ತಿರುವಿನಲ್ಲಿ ಒಂದು ಗಳಿಗೆ ನಿಂತೆ. ಹೋಗಿ ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಬೇಡ ಅಂದ ಮೇಲೆ ಮಾಡುವುದಕ್ಕಾಗುವುದಿಲ್ಲ ಅಂತಲೂ ಗೊತ್ತಿತ್ತು. ಅದಕ್ಕೇ ಹೋಗಲಿಲ್ಲ. ನೋಡಿ, ಎಂಥ ಬುದ್ಧಿ ನನ್ನದು.

ಶ್ರಾವಣ ಹುಟ್ಟಿದ ಮೊದಲ ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಕೈ ಎತ್ತಿಸಿದೆ. ಸಿದ್ದಯ್ಯನವರು, ಇನ್ನೂ ನಾಲ್ಕೈದು ಹಳಬರು ಬಿಟ್ಟರೆ ಎಲ್ಲ ಕೈಯೂ ಮೇಲೆ. ಇವತ್ತು ಎರಡು ಗಂಟೆಯಿಂದ ಭಟ್ಟಿಯವರೂ ಹೊರಗೆ ಅಂತ ಘೋಷಿಸಿದೆ. ಜೈಕಾರ ಮುಗಿಲು ಮುಟ್ಟಿತು.

ಎರಡಕ್ಕೆ ಐದು ನಿಮಿಷ ಇರುವಾಗ ಮಾದಣ್ಣ ಸೈಕಲ್ಲಿನಲ್ಲಿ ಪಾಳಿಗೆ ಬಂದರು. ತೋಳಿನಲ್ಲಿ ಬಿಳೀ ಪಟ್ಟಿ. ಈ ಸಲ ಯಾರೂ ಏಳಲಿಲ್ಲ, ದಾರಿ ಬಿಡಲಿಲ್ಲ. ಅವರು ಸೈಕಲ್ ಸ್ಟ್ಯಾಂಡ್ ಹಾಕಿ ನನ್ನ ಹತ್ತಿರ ಬಂದರು.

"ಏನ್ ಮಗ ಇದು?"

"ಸಂಘದ ತೀರ್ಮಾನ ಮಾದಣ್ಣ. ನಿಮಗೂ ಸೇರಿ."

"ಅಂಗೆಲ್ಲ ಏಕ್ದಮ್ ಬುಟ್ಟು ಬರೋಕಾಗಾಕಿಲ್ಲ ಕಣವ್ವ. ಉರಿ ಇಳ್ಸೋಕೆ ಹತ್ತು ಹನ್ನೆರಡು ದಿನ ಬೇಕು. ಇಲ್ದಿದ್ರೆ ಕಮಾನು ಸೀಳ್ಬುಡ್ತದೆ." ಆಮೇಲೆ ದನಿ ತಗ್ಗಿಸಿ ಕೇಳಿದರು. "ಒಳಗೆ ಮಾತಾಡಿದೀಯಾ? ಉರಿ ಇಳ್ಸೋಕೆ ಅವರ ಕಡೆಯೋರು ಯಾರಾದ್ರೂ ಅವ್ರಾ?"

ನಾನು ಯಾರ ಹತ್ತಿರವೂ ಮಾತಾಡಿರಲಿಲ್ಲ. ಹಾಗೆ ಮಾತಾಡಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಇಲ್ಲ ಅಂದಿದ್ದರೆ ಸಾಕಿತ್ತು. ಎರಡಕ್ಷರ ಅಲ್ಲವೇ? ಆದರೆ ಸುತ್ತ ಜನ ನಿಂತಿದ್ದರು, ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಇಲ್ಲ ಅಂದರೆ ಅಷ್ಟೂ ಗೊತ್ತಿಲ್ಲದವಳು ಅಂತಾಗುತ್ತಿತ್ತು.

"ಮಾತಾಡಿದೀನಿ," ಅಂದೆ.

"ಅಂಗಾದ್ರೆ ಸರಿ," ಅಂದರು ಮಾದಣ್ಣ. ತೋಳಿನ ಪಟ್ಟಿ ಬಿಚ್ಚಿ ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಒಳಗೆ ಹೋಗಿ ತಮ್ಮವರನ್ನು ಕರೆದುಕೊಂಡು ಹೊರಗೆ ಬಂದು, ಸೈಕಲ್ ಹತ್ತಿ ಮನೆಗೆ ಹೋದರು.

ಈಗ ಒಂದು ಮಾತು ಹೇಳುತ್ತೇನೆ, ಇದನ್ನು ಯಾರಿಗೂ ಹೇಳಿಲ್ಲ. ಅವರು ಹೋಗುವಾಗ ನನಗೆ ಭಯವಾಗಲಿಲ್ಲ. ಒಳಗೊಳಗೇ ನಿಶ್ಚಿಂತೆಯಿಂದಿದ್ದೆ. ಈ ಮನುಷ್ಯ ಮೂವತ್ತು ವರ್ಷ ಸಾಕಿದ ಬೆಂಕಿಯನ್ನು ಬಿಟ್ಟು ಮನೆಯಲ್ಲಿ ಕೂರುವವರಲ್ಲ; ಹಿಂದಿನ ಗೇಟಿನಿಂದ ಬಂದು ಒಂದು ಕಣ್ಣು ಇಟ್ಟೇ ಇಡುತ್ತಾರೆ ಅಂತ ನಂಬಿದ್ದೆ. ಹೊಗೆ ನಿಲ್ಲಿಸಿದವಳು ಅನ್ನುವ ಹೆಸರು ನನಗಿರಲಿ, ಭಟ್ಟಿ ಕಾಯುವ ಕೆಲಸ ಅವರಿಗಿರಲಿ ಅಂತ. ಅವರ ಅನುಭವ ಬೇಡ ಅಂದವಳು ಅದರ ಮೇಲೇ ಭಾರ ಹಾಕಿ ಕೂತಿದ್ದೆ. ಅವರೋ, ಒಳಗೆ ಮಾತಾಡಿದ್ದೇನೆ ಅಂದೆನಲ್ಲ, ಅದನ್ನು ನಂಬಿ ಮನೆಯಲ್ಲಿ ಕೂತಿದ್ದರು. ಸಂಘ ಬಾ ಅಂದ ಮೇಲೆ ಮೂವತ್ತು ವರ್ಷದಲ್ಲಿ ಒಂದು ದಿನವೂ ಮಾತು ಮೀರಿದವರಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಹೊಗೆ ತೆಳ್ಳಗಾಯಿತು. ಆಮೇಲೆ ನಿಂತೇಹೋಯಿತು. ಜನ ಕುಣಿದರು. ಜಯಶೀಲ ನನ್ನನ್ನು ತಬ್ಬಿಕೊಂಡು, "ನಮ್ಮ ಸಾಸರು ಅಂದ್ರೆ ಸಾಸರು ಕಣ್ರೇ!" ಅಂತ ಕೂಗಿದಳು. ನಾನೂ ಚಪ್ಪಾಳೆ ತಟ್ಟಿದೆ. ತಟ್ಟುತ್ತಲೇ ಹಿಂದಿನ ಗೇಟಿನ ಕಡೆ ನೋಡುತ್ತಿದ್ದೆ, ಸೈಕಲ್ಲು ಬಂತಾ ಅಂತ.

ಸೈಕಲ್ಲು ಬರಲಿಲ್ಲ. ಕಂಪನಿಯವರೂ ಓಡಿ ಬಂದು ಕಾಲು ಹಿಡಿಯಲಿಲ್ಲ. ಒಳಗಿದ್ದ ಆಫೀಸಿನವರಿಗೆ ಉರಿ ಇಳಿಸುವುದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಳಾಗಲಿ ಅಂತ ಬಿಟ್ಟರೋ, ಇವತ್ತಿಗೂ ನನಗೆ ತಿಳಿಯದು. ಮಂಗಳವಾರ ಇಡೀ ಮಳೆ ಹೊಯ್ಯಿತು. ಬುಧವಾರ ಹತ್ತು ಗಂಟೆಗೆ ನಾವು ಟಾರ್ಪಾಲಿನ ಕೆಳಗೆ ಕಾಫಿ ಹಂಚುತ್ತಿದ್ದೆವು. ಒಳಗಿನಿಂದ ಲಾರಿಯಲ್ಲಿ ಕಲ್ಲು ಸುರಿದ ಹಾಗೆ ಒಂದು ಶಬ್ದ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಸಿದ್ದಯ್ಯನವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ತಲೆಯ ಮೇಲೆ ಕೈಹೊತ್ತು ಕೂತರು.

ಮ್ಯಾನೇಜರು ಹೇಳಿ ಕಳಿಸಿದರು, ಉಪಾಧ್ಯಕ್ಷರೂ ಭಟ್ಟಿ ಮೇಸ್ತ್ರಿಯೂ ಬಂದು ನೋಡಿಕೊಂಡು ಹೋಗಲಿ ಅಂತ. ಮಾದಣ್ಣನನ್ನು ಕರೆಸಿದೆವು. ಇಬ್ಬರೂ ಒಳಗೆ ಹೋದೆವು. ಕಮಾನು ನಡುವೆ ಉದ್ದಕ್ಕೂ ಸೀಳಿ ಟ್ರಾಲಿಗಳ ಮೇಲೆ ಕುಸಿದಿತ್ತು. ಹೊಗೆಕೊಳವೆಯ ಬುಡ ಜರುಗಿ ಮೇಲಿನ ತಗಡು ಬಾಯಿಬಿಟ್ಟಿತ್ತು. ಅಲ್ಲಿಂದ ಮಳೆಯ ನೀರು ಧಾರೆಯಾಗಿ ಇಳಿದು ಇನ್ನೂ ಬಿಸಿ ಆರದ ಇಟ್ಟಿಗೆಯ ಮೇಲೆ ಬೀಳುತ್ತಿತ್ತು. ಆ ವಾಸನೆ. ಹಬೆ ಮುಖಕ್ಕೆ ರಾಚುತ್ತಿತ್ತು. ನಮ್ಮಪ್ಪ ನಿಂತು ಕೆಲಸ ಮಾಡುತ್ತಿದ್ದ ಕಂಡಿ ಎಲ್ಲಿ ಅಂತ ಹುಡುಕಿದೆ, ಗುರುತು ಸಿಗಲಿಲ್ಲ.

ಮ್ಯಾನೇಜರು ಛತ್ರಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಇನ್ನು ಮಾತಾಡೋಕೆ ಏನಿದೆಯಮ್ಮ," ಅಂದರು, ಅಷ್ಟೆ.

ಮಾದಣ್ಣ ಬಗ್ಗಿ ಒಂದು ಇಟ್ಟಿಗೆ ಎತ್ತಿಕೊಂಡರು. ಬಿಸಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ ಉಗುರಿನಿಂದ ತಟ್ಟಿ ನೋಡಿದರು. ಕೆಳಗಿಟ್ಟರು. ನನ್ನ ಕಡೆ ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮಾತಾಡಿದೀನಿ ಅಂದ್ಯಲ್ಲ ಮಗ," ಅಂದರು.

ಶ್ರಾವಣದ ಕೊನೆಗೆ ಸರ್ವಸದಸ್ಯರ ಸಭೆ ಕರೆದರು. ಲಿಂಗರಾಜಣ್ಣ ಅಷ್ಟು ಹೊತ್ತಿಗೆ ಎದ್ದು ಓಡಾಡುವಂತಾಗಿದ್ದರು. ವೇದಿಕೆಯ ಮೇಲೆ ಅವರು, ಪಕ್ಕದಲ್ಲಿ ನಾನು. ಜನ ನನ್ನನ್ನು ಬೈಯುತ್ತಾರೆ, ಚಪ್ಪಲಿ ಎಸೆದರೂ ಎಸೆಯಲಿ ಅಂತ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರೂ ಎದ್ದು ನಿಂತು ಬೈದದ್ದು ಮಾದಣ್ಣನನ್ನು. "ಆ ಯಮ್ಮನಿಗೆ ಗೊತ್ತಿರಲಿಲ್ಲ, ಸರಿ. ನಿಂಗೆ ಗೊತ್ತಿರಲಿಲ್ವೇನಯ್ಯ? ಮೂವತ್ತು ವರ್ಷ ಮಾಡಿದೋನು, ಎಂಗೆ ಬುಟ್ಟು ಬಂದೆ?" "ಸಾಸರು ಮಾಡಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಬುಟ್ಟು ಬಂದವ್ನೆ!" ಅಂತ ಹಿಂದಿನಿಂದ ಒಬ್ಬ ಕೂಗಿದ. ಭಟ್ಟಿಯ ಮಿಕ್ಕ ಎಂಟು ಜನವೂ ತಲೆ ತಗ್ಗಿಸಿ ಕೂತಿದ್ದರು.

ಮಾದಣ್ಣ ಎದ್ದು ನಿಂತರು. ಒಂದೇ ಒಂದು ಸಲ ವೇದಿಕೆಯ ಕಡೆ ನೋಡಿದರು, ನನ್ನ ಕಡೆ. ನಾನು ಮೇಜಿನ ಮೇಲಿದ್ದ ನೀರಿನ ಲೋಟ ನೋಡುತ್ತಿದ್ದೆ. "ಸಂಘ ಯೋಳ್ತು, ಬಂದೆ," ಅಂದು ಕೂತುಕೊಂಡರು. ನನ್ನ ಸುಳ್ಳನ್ನು ಅವತ್ತೂ ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ. ಲಿಂಗರಾಜಣ್ಣ ಭಾಷಣದಲ್ಲಿ, ಅನುಭವ ಇರುವವರೇ ಹೀಗೆ ಮಾಡಿದರೆ ಸಂಘ ಯಾರನ್ನು ನಂಬಬೇಕು ಅಂತ ಕೇಳಿದರು. ಚಪ್ಪಾಳೆ ಬಿತ್ತು. ನಾನು ಕೂತೇ ಇದ್ದೆ.

ಆ ವರ್ಷದ ದಸರಾ ಹೇಗೆ ಬಂತು, ಹೇಗೆ ಹೋಯಿತು ಗೊತ್ತಿಲ್ಲ. ಆಯುಧಪೂಜೆಯ ದಿನ ಗೇಟಿನ ಬೀಗಕ್ಕೆ ಯಾರೋ ಕುಂಕುಮ ಹಚ್ಚಿ ಚೆಂಡುಹೂ ಸಿಕ್ಕಿಸಿ ಹೋಗಿದ್ದರು. ಪಕ್ಕದಲ್ಲೇ ಶಾಶ್ವತವಾಗಿ ಮುಚ್ಚಿದೆ ಅನ್ನುವ ನೋಟಿಸು. ಭಟ್ಟಿಯೇ ಇಲ್ಲದ ಮೇಲೆ ಯಾವ ಕೋರ್ಟು ಏನು ಮಾಡೀತು? 'ನೂರಿಪ್ಪತ್ತು ಜನ ಉಳಿಯಲಿ' ಅಂತ ಕೂತದ್ದು ಮುನ್ನೂರು ಜನವನ್ನೂ ಬೀದಿಗೆ ಹಾಕಿತು. ಜಯಶೀಲ ಮನೆಯಲ್ಲಿ ಕೂತು ಊದುಬತ್ತಿ ಹೊಸೆದಳು. ಅಚ್ಚಿನ ಕೆಲಸದಲ್ಲಿ ಕೈ ಪಳಗಿದವರು ಮಂಡಿಯಲ್ಲಿ ಮೂಟೆ ಹೊತ್ತರು. ಸಿದ್ದಯ್ಯನವರು ಆರು ತಿಂಗಳು ಮಾತೇ ಬಿಟ್ಟು ಜಗಲಿಯಲ್ಲಿ ಕೂತಿದ್ದು, ಒಂದು ದಿನ ಹೋಗಿಬಿಟ್ಟರು. ನನಗೆ ದೇವರಾಜ ಮೊಹಲ್ಲಾದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಸಿಕ್ಕಿತು, ಇವತ್ತಿಗೂ ಅದೇ ಕೆಲಸ.

ಮಾದಣ್ಣ ಒಂದು ಸಲ ಮಾರ್ಕೆಟ್ಟಿನಲ್ಲಿ ಎದುರಿಗೆ ಸಿಕ್ಕರು. ವೀಳ್ಯದೆಲೆ ಸಾಲಿನ ಹತ್ತಿರ. ತುಂಬ ಇಳಿದುಹೋಗಿದ್ದರು, ಬೀದಿಯವರು ಮಾತಾಡಿಸುವುದಿಲ್ಲ, ಮದುವೆ ಮುಂಜಿಗೆ ಕರೆಯುವುದಿಲ್ಲ ಅಂತ ಕೇಳಿದ್ದೆ. ಹುಬ್ಬಿನ ಕೂದಲು ಮತ್ತೆ ಬಂದಿತ್ತು, ಬೆಳ್ಳಗೆ. ಉರಿಯ ಮುಂದೆ ನಿಲ್ಲುವುದು ತಪ್ಪಿತ್ತಲ್ಲ. "ಊಟ ಆಯ್ತಾ ಮಗ?" ಅಂತ ಕೇಳಿದರು. ಕಾಲಿಗೆ ಬೀಳಬೇಕು ಅನ್ನಿಸಿತು. ಬಸ್ಸಿಗೆ ಹೊತ್ತಾಯ್ತು ಮಾದಣ್ಣ ಅಂದು ಬಂದುಬಿಟ್ಟೆ. ಎರಡು ವರ್ಷ ಕಳೆದು ಅವರು ತೀರಿಕೊಂಡರು. ಹೋಗಿದ್ದೆ. ಹೆಗಲು ಕೊಡಲು ಜನ ಸಾಲದೆ ಒಬ್ಬ ಆಟೋದವನನ್ನು ನಿಲ್ಲಿಸಿ ಕರೆದರು.

ಕಲ್ಯಾಣ ಮಂಟಪದಲ್ಲಿ ಊಟಕ್ಕೆ ಕೂತೆ. ಊಟದ ಹಾಲ್ ನಿಂತಿರುವುದು ಭಟ್ಟಿ ಇದ್ದ ಕಡೆಯೇ. ಎಲೆಗೆ ನೀರು ಚಿಮುಕಿಸುತ್ತಿದ್ದಾಗ ಪಕ್ಕದ ಕುರ್ಚಿಗೆ ಲಿಂಗರಾಜಣ್ಣ ಬಂದು ಕೂತರು. ತಲೆ ನರೆತಿದೆ, ಮೈಗೆ ಒಳ್ಳೇ ಕಳೆ ಬಂದಿದೆ. ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾಗಿ ನಿಲ್ಲುತ್ತಾರಂತೆ.

"ನೀವು ಸಿಕ್ಕಿದ್ದು ಒಳ್ಳೇದೇ ಆಯ್ತಮ್ಮ," ಅಂದರು. "ನಮ್ಮಲ್ಲೂ ಜೋಡಿನೇ. ನೀವೇ ಉಪಾಧ್ಯಕ್ಷರಾಗಿ ನಿಂತ್ಕೊಳ್ಳಿ. ಹುಡುಗ್ರು ಯಾರನ್ಯಾರನ್ನೋ ಹೇಳ್ತಾರೆ, ನಾನು ಒಪ್ಪಲಿಲ್ಲ. ಅನುಭವ ಇರೋರೇ ಬೇಕು ಅಂದೆ."

ನಾನು ಎಲೆ ನೋಡುತ್ತಿದ್ದೆ.

"ಅವತ್ತು ಆ ಭಟ್ಟಿಯವನು ಹಾಗೆ ಕೈಕೊಡದೆ ಇದ್ದಿದ್ರೆ ನಾವು ಗೆದ್ದಿದ್ವಿ, ಅಲ್ವಾ? ಏನವನ ಹೆಸರು... ನಿಮಗೆ ಚೆನ್ನಾಗಿ ಗೊತ್ತಿದ್ದೋನು ಅಲ್ವಾ?"

ಜಯಶೀಲ ಎದುರಿಗೇ ನಿಂತು ಎಲ್ಲರಿಗೂ ಸಿಹಿ ಬಡಿಸುತ್ತಿದ್ದಳು. ಆ ಸಾಲಿನಲ್ಲಿ ನಮ್ಮ ಫ್ಯಾಕ್ಟರಿಯವರೇ ಏಳೆಂಟು ಜನ ಇದ್ದರು, ಎಲ್ಲರಿಗೂ ಕೇಳುವಷ್ಟು ಹತ್ತಿರ. ಬಾಯಿ ತೆರೆದೆ.

"ಯೋಚನೆ ಮಾಡ್ತೀನಿ ಲಿಂಗರಾಜಣ್ಣ," ಅಂದೆ. ಮಾದಣ್ಣನ ಹೆಸರು ಅವತ್ತೂ ನನ್ನ ಬಾಯಿಂದ ಬರಲಿಲ್ಲ.